ಸಂಜೆ ಐದರಿಂದ ಎಂಟರವರೆಗೆ

ಚಿಕ್ಕ ಮಕ್ಕಳಿರುವ ಮನೆಗೆ ಬೆಳಗ್ಗೆ ಹತ್ತು ಗಂಟೆಗೆ ಹೋದ ನೆಂಟರಿಗೂ ಸಂಜೆ ಆರೂವರೆಗೆ ಹೋದ ನೆಂಟರಿಗೂ ಕಾಣುವುದು ಎರಡು ಬೇರೆ ಬೇರೆ ಮನೆಗಳು. ಬೆಳಗ್ಗೆ ಹೋದವರು ಗುಡಿಸಿ ಒರಸಿದ ಚಾವಡಿಯನ್ನೂ ತೊಟ್ಟಿಲಲ್ಲಿ ಕೈಕಾಲು ಆಡಿಸುವ ಕೂಸನ್ನೂ ನಗುಮೊಗದಿಂದ ಚಹಾ ತರುವ ಗೃಹಿಣಿಯನ್ನೂ ಕಾಣುತ್ತಾರೆ. ಸಂಜೆಯ ನೋಟವೇ ಬೇರೆ. ಒಲೆಯ ಮೇಲೆ ಮೀನಿನ ಸಾರು ಉಕ್ಕುತ್ತಿರುತ್ತದೆ. ಕೂಸು ತಾಯಿಯ ಸೊಂಟದಲ್ಲಿ ಒಂದೇ ಸಮನೆ ಅಳುತ್ತಿರುತ್ತದೆ. ಬಿಸ್ಕತ್ತು ತುಂಡಾಯಿತೆಂದು ಮೂರು ವರ್ಷದ ಹುಡುಗ ನೆಲಕ್ಕೆ ಬಿದ್ದು ಹೊರಳಾಡುತ್ತಿರುತ್ತಾನೆ. ಯುಕೆಜಿಯ ಹುಡುಗಿ ತೆರೆದ ಪುಸ್ತಕದ ಮೇಲೆ ತೂಕಡಿಸುತ್ತಿರುತ್ತಾಳೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ.

ಇದನ್ನು ಕಂಡು ಹೋದವರು ಸಾಮಾನ್ಯವಾಗಿ ಎರಡು ತೀರ್ಪು ಕೊಡುತ್ತಾರೆ. ಒಂದು, "ಈ ಹುಡುಗನಿಗೆ ಹಠ ಜಾಸ್ತಿ, ಎರಡು ಬಿಗಿದರೆ ಸರಿಹೋಗುತ್ತಾನೆ." ಇನ್ನೊಂದು, "ಇವಳಿಗೆ ಮಕ್ಕಳನ್ನು ನೋಡಿಕೊಳ್ಳಲು ಬರುವುದಿಲ್ಲ. ನಮ್ಮ ಕಾಲದಲ್ಲಿ ಏಳೆಂಟು ಮಕ್ಕಳನ್ನು ಸಾಕಿಲ್ಲವೇ?" ಬೇರೆಯವರು ಹೇಳಿದ ಮಾತನ್ನಾದರೂ ಮರೆಯಬಹುದು. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ತಾಯಿಯೇ ತನಗೆ ತಾನು ಇದೇ ತೀರ್ಪು ಕೊಟ್ಟುಕೊಳ್ಳುತ್ತಾಳೆ. ಅದು ಬೇಗ ಮರೆಯುವುದಿಲ್ಲ.

ನಿಜವಾಗಿ ನೋಡಿದರೆ ಈ ಎರಡು ತೀರ್ಪುಗಳೂ ಹೆಚ್ಚಿನ ಮನೆಗಳಲ್ಲಿ ತಪ್ಪು. ಸಂಜೆಯ ಈ ಗಲಾಟೆಗೆ ಮಗುವಿನ ಗುಣವಾಗಲಿ ತಾಯಿಯ ಅಸಾಮರ್ಥ್ಯವಾಗಲಿ ಕಾರಣವಲ್ಲ. ಕಾರಣಗಳು ಬಹಳ ಸಾದಾ: ಹಸಿವು, ನಿದ್ದೆ ಮತ್ತು ಕೈಗಳ ಕೊರತೆ.

ಈ ಹೊತ್ತಿಗೇ ಏಕೆ?

1931ರಲ್ಲಿ ಅಮೆರಿಕದ ಮನೋವಿಜ್ಞಾನಿ ಫ್ಲಾರೆನ್ಸ್ ಗುಡ್‌ಇನಫ್ ಎಂಬ ಮಹಿಳೆ ಚಿಕ್ಕ ಮಕ್ಕಳ ಸಿಟ್ಟಿನ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅವರು ಮಕ್ಕಳನ್ನು ಪ್ರಯೋಗಾಲಯಕ್ಕೆ ಕರೆಸಲಿಲ್ಲ. ಮನೆಯಲ್ಲಿ ಮಗು ಯಾವಾಗ, ಯಾಕೆ, ಎಷ್ಟು ಹೊತ್ತು ಸಿಟ್ಟು ಮಾಡಿತೆಂದು ಬರೆದಿಡಲು ತಾಯಂದಿರಿಗೇ ಹೇಳಿದರು. ಆ ಬರಹಗಳನ್ನು ಒಟ್ಟುಗೂಡಿಸಿದಾಗ ಎರಡು ಸಂಗತಿಗಳು ಸ್ಪಷ್ಟವಾದವು. ಸಿಟ್ಟಿನ ಪ್ರಕರಣಗಳು ಎರಡನೆಯ ವರ್ಷದಲ್ಲಿ ಅತಿ ಹೆಚ್ಚಾಗಿದ್ದು ಆಮೇಲೆ ಇಳಿಯುತ್ತಾ ಬರುತ್ತವೆ. ದಿನದ ಲೆಕ್ಕದಲ್ಲಿ ಅವು ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಹೆಚ್ಚು. ಮಗು ದಣಿದಿದ್ದಾಗ, ಮೈ ಸರಿಯಿಲ್ಲದಾಗ ಇನ್ನೂ ಹೆಚ್ಚು.

ಈಗ ನಮ್ಮ ಮಗುವಿನ ದಿನವನ್ನು ನೋಡಿ. ಕರಾವಳಿಯ ಹಲವು ಊರುಗಳಲ್ಲಿ ಐದಾರು ವರ್ಷದ ಮಗು ಶಾಲೆಗೆ ಮುಂಚೆ ಮದ್ರಸಕ್ಕೆ ಹೋಗುತ್ತದೆ. ಅದಕ್ಕಾಗಿ ಆರು ಗಂಟೆಗೆ ಏಳಬೇಕು. ಮದ್ರಸ ಬಿಟ್ಟು ಬಂದು ತಿಂಡಿ ತಿಂದಂತೆ ಮಾಡಿ ಶಾಲೆಯ ವ್ಯಾನು ಹತ್ತಬೇಕು. ಸಂಜೆ ನಾಲ್ಕಕ್ಕೋ ನಾಲ್ಕೂವರೆಗೋ ಮನೆ. ಹತ್ತೂವರೆ ಗಂಟೆಗಳಷ್ಟು ಕಾಲ ಅದು ಯಾರದೋ ಮಾತು ಕೇಳಿಕೊಂಡು, ಸಾಲಿನಲ್ಲಿ ನಿಂತು, ಸುಮ್ಮನೆ ಕುಳಿತು, ಮೂತ್ರಕ್ಕೂ ಅನುಮತಿ ಕೇಳಿ ಬಂದಿರುತ್ತದೆ. ಮನೆಗೆ ಬಂದು ತಾಯಿಯ ಮುಖ ಕಂಡ ಕೂಡಲೇ ತಡೆದಿಟ್ಟದ್ದೆಲ್ಲ ಹೊರಗೆ ಬರುತ್ತದೆ. "ಶಾಲೆಯಲ್ಲಿ ಇಷ್ಟು ಒಳ್ಳೆಯ ಹುಡುಗಿ, ಮನೆಯಲ್ಲಿ ಯಾಕೆ ಹೀಗೆ?" ಎಂದು ತಾಯಂದಿರು ಬೇಸರಪಡುವುದುಂಟು. ತನ್ನವರು ಎಂಬ ಧೈರ್ಯ ಇರುವಲ್ಲಿಯೇ ಮಗು ಅಳುತ್ತದೆ ಎಂಬುದೇ ಇದಕ್ಕೆ ಉತ್ತರ.

ಹಾಲುಗೂಸಿನ ಅಳು

ಮನೆಯಲ್ಲಿ ಒಂದೆರಡು ತಿಂಗಳ ಕೂಸಿದ್ದರೆ ಸಂಜೆಯ ಕಷ್ಟ ಇಮ್ಮಡಿಯಾಗುತ್ತದೆ. ಹಗಲೆಲ್ಲ ಶಾಂತವಾಗಿದ್ದ ಕೂಸು ಸಂಜೆಯಾಗುತ್ತಲೇ ಅಳಲಾರಂಭಿಸುತ್ತದೆ. ಹಾಲು ಕೊಟ್ಟರೂ, ಎತ್ತಿಕೊಂಡರೂ ನಿಲ್ಲುವುದಿಲ್ಲ. ದೃಷ್ಟಿಯಾಗಿದೆ ಎಂದು ಒಬ್ಬರು, ಹಾಲು ಸಾಲುತ್ತಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಹಾಲು ಸಾಲುತ್ತಿಲ್ಲ ಎಂಬ ಮಾತು ಬಾಣಂತಿಯ ಮನಸ್ಸನ್ನು ಇರಿಯುತ್ತದೆ.

ಮಕ್ಕಳ ವೈದ್ಯ ಟಿ. ಬೆರ್ರಿ ಬ್ರೆಜೆಲ್ಟನ್ 1962ರಲ್ಲಿ ಎಂಬತ್ತು ಕೂಸುಗಳ ಅಳುವನ್ನು ದಿನವೂ ದಾಖಲಿಸಿ ಒಂದು ಲೇಖನ ಪ್ರಕಟಿಸಿದರು. ಆರೋಗ್ಯವಾಗಿರುವ ಕೂಸುಗಳೂ ಎರಡನೆಯ ವಾರದ ನಂತರ ಹೆಚ್ಚು ಹೆಚ್ಚು ಅಳುತ್ತವೆ. ಆರನೆಯ ವಾರದ ಹೊತ್ತಿಗೆ ಅದು ಶಿಖರಕ್ಕೇರುತ್ತದೆ. ಆಗ ಸರಾಸರಿ ದಿನಕ್ಕೆ ಮೂರು ಗಂಟೆಯ ಸಮೀಪ, ಅದೂ ಹೆಚ್ಚಾಗಿ ಸಂಜೆಯ ಹೊತ್ತು. ಮೂರು ನಾಲ್ಕು ತಿಂಗಳಾಗುವಾಗ ತಾನಾಗಿ ಇಳಿಯುತ್ತದೆ. ಅಂದರೆ ಇದು ಬೆಳವಣಿಗೆಯ ಒಂದು ಘಟ್ಟ. ತೂಕ ಸರಿಯಾಗಿ ಏರುತ್ತಿದ್ದು ದಿನಕ್ಕೆ ಆರೇಳು ಸಲ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಆರು ತಿಂಗಳವರೆಗೆ ತಾಯಿಯ ಹಾಲಿನ ಹೊರತು ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಅಳು ನಿಲ್ಲಿಸಲು ಜಾಯಿಕಾಯಿ ತೇದು ಕುಡಿಸುವುದು, ಮನೆಯಲ್ಲಿದ್ದ ಶೀತದ ಸಿರಪ್ ಕೊಟ್ಟು ಮಲಗಿಸುವುದು ಅಪಾಯಕಾರಿ. ನೆಗಡಿಗೆ ಕೊಡುವ ಒಂದು ಬಗೆಯ ಮಿಶ್ರ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆಯೇ ಎಚ್ಚರಿಕೆ ಮುದ್ರಿಸಲು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದ್ದಾರೆ. ಅಳು ತಡೆಯಲಾರದೆ ಕೈ ನಡುಗುವಷ್ಟು ಸಿಟ್ಟು ಬಂದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಜಗಲಿಗೆ ಹೋಗಿ ನಿಲ್ಲಿ. ಕೂಸು ಐದು ನಿಮಿಷ ಅತ್ತರೆ ಏನೂ ಆಗದು. ಎತ್ತಿ ಜೋರಾಗಿ ಅಲುಗಾಡಿಸಿದರೆ ಅದರ ಮಿದುಳಿಗೇ ಪೆಟ್ಟಾಗಬಹುದು.

ಆದರೆ ಎಲ್ಲ ಅಳುವನ್ನೂ ಸಹಜವೆಂದು ಬಿಡಬಾರದು. ಎರಡು ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಹಾಲು ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ, ಎಬ್ಬಿಸಿದರೂ ಏಳದಂತೆ ಮಂಕಾದರೆ ಬೆಳಗಾಗುವವರೆಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಮೊದಲು ಹೊಟ್ಟೆ

ಶಾಲೆಯಿಂದ ಬಂದ ಮಗುವಿಗೆ ನಾವು ಸಾಮಾನ್ಯವಾಗಿ ಕೊಡುವುದು ಚಹಾ ಮತ್ತು ಬಿಸ್ಕತ್ತು. ಅದರಿಂದ ಹಸಿವು ಸಾಯುತ್ತದೆಯೇ ಹೊರತು ಹೊಟ್ಟೆ ತುಂಬುವುದಿಲ್ಲ. ಏಳು ಗಂಟೆಗೆ ಮತ್ತೆ ರಗಳೆ ಶುರು. ಒಂಬತ್ತು ಗಂಟೆಗೆ ಅನ್ನ ಕಲಸಿ ಮುಂದಿಟ್ಟರೆ ಮಗು ನಿದ್ದೆಗಣ್ಣಿನಲ್ಲಿ ಬೇಡ ಎನ್ನುತ್ತದೆ. ಆಗ ತಟ್ಟೆ ಹಿಡಿದು ಮನೆಯ ಸುತ್ತ ಓಡಾಟ.

ಆಹಾರದೊಡನೆ ಕುಡಿಯುವ ಚಹಾ ಕಬ್ಬಿಣದ ಅಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ. ಇದು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದ ಸ್ಥಿತಿಯೂ ಅದಕ್ಕಿಂತ ಹೆಚ್ಚೇನೂ ಭಿನ್ನವಲ್ಲ. ರಕ್ತ ಕಡಿಮೆಯಿರುವ ಮಗು ಬೇಗ ದಣಿಯುತ್ತದೆ, ಬೇಗ ಕಿರಿಕಿರಿಗೊಳ್ಳುತ್ತದೆ. ನಾವು ಅದನ್ನು ಹಠ ಎನ್ನುತ್ತೇವೆ.

ಹಲವು ಮನೆಗಳಲ್ಲಿ ಫಲ ಕೊಟ್ಟ ಒಂದು ಬದಲಾವಣೆಯಿದೆ. ಮಕ್ಕಳ ರಾತ್ರಿಯೂಟದ ಅರ್ಧವನ್ನು ಸಂಜೆ ಐದಕ್ಕೇ ಕೊಟ್ಟುಬಿಡುವುದು. ಮಧ್ಯಾಹ್ನದ ಕುಚ್ಚಲಕ್ಕಿ ಗಂಜಿಗೆ ಒಂದಿಷ್ಟು ತೊವ್ವೆ, ಬೇಯಿಸಿದ ಮೊಟ್ಟೆ, ಬೆಳಗ್ಗಿನ ಉಳಿದ ನೀರುದೋಸೆಗೆ ತೆಂಗಿನಕಾಯಿ ಬೆಲ್ಲ, ರಾಗಿ ಮಣ್ಣಿ, ಬಾಳೆಹಣ್ಣು, ಬೀಜ ತೆಗೆದ ಖರ್ಜೂರ ಏನಾದರೂ ಆಗಬಹುದು. ಹೊಸದಾಗಿ ಏನೂ ಮಾಡಬೇಕಾಗಿಲ್ಲ. ಇಡೀ ನೆಲಗಡಲೆ, ಕಡಲೆಗಳನ್ನು ಮಾತ್ರ ನಾಲ್ಕೈದು ವರ್ಷದೊಳಗಿನವರಿಗೆ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಐದಕ್ಕೆ ಹೊಟ್ಟೆ ತುಂಬಿದ ಮಗು ಆರರ ಹೊತ್ತಿಗೆ ಬೇರೆಯೇ ಮಗುವಾಗಿರುತ್ತದೆ. ರಾತ್ರಿ ಅದು ನಾಲ್ಕೇ ತುತ್ತು ಉಂಡರೂ ತಾಯಿಗೆ ಚಿಂತೆಯಿರುವುದಿಲ್ಲ.

ನೆಲಕ್ಕೆ ಬಿದ್ದು ಹೊರಳಾಡಿದಾಗ

ಎರಡು ಮೂರು ವರ್ಷದ ಮಗುವಿಗೆ ಬಯಕೆಗಳು ಬೆಟ್ಟದಷ್ಟು, ಮಾತು ಸಾಸಿವೆಯಷ್ಟು. ತನಗೆ ಬೇಕಾದುದನ್ನು ಹೇಳಲು ಅದಕ್ಕೆ ಪದಗಳಿಲ್ಲ. ಸಿಟ್ಟನ್ನು ತಡೆಯುವ ಮಿದುಳಿನ ಮುಂಭಾಗವಂತೂ ಪೂರ್ತಿಯಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಆದುದರಿಂದ ಹೊರಳಾಡುತ್ತಿರುವ ಮಗುವಿಗೆ ಉಪದೇಶ ಮಾಡುವುದು, ನೆರೆ ಬಂದ ಹೊಳೆಗೆ ನಿಧಾನವಾಗಿ ಹರಿ ಎಂದಂತೆ. ಪೆಟ್ಟಾಗದಂತೆ ನೋಡಿಕೊಂಡು ಹತ್ತಿರ ಕುಳಿತರೆ ಸಾಕು. ಹೆಚ್ಚಿನ ಹಠಗಳು ಐದು ನಿಮಿಷ ಕಳೆಯುವುದರೊಳಗೆ ಇಳಿಯುತ್ತವೆ. ಇಳಿದ ಮೇಲೆ ನೀರು ಕುಡಿಸಿ, ಮಡಿಲಿಗೆ ತೆಗೆದುಕೊಂಡು, "ಬಿಸ್ಕತ್ತು ತುಂಡಾದ್ದಕ್ಕೆ ನಿನಗೆ ಬೇಜಾರಾಯಿತಲ್ಲವಾ?" ಎಂದು ಕೇಳಿ. ತನ್ನ ಭಾವನೆಗೊಂದು ಹೆಸರಿದೆ ಎಂದು ಮಗು ಕಲಿಯುವುದು ಹೀಗೆ. ಆದರೆ ಕೇಳಿದ್ದನ್ನು ಹೊರಳಾಟಕ್ಕೆ ಹೆದರಿ ಕೊಡಬಾರದು. ಇಲ್ಲ ಎಂದದ್ದು ಇಲ್ಲವೇ. ದನಿ ಮಾತ್ರ ಮೆತ್ತಗಿರಲಿ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ಹೇಳಿ ಹೊಡೆತವನ್ನು ಸಮರ್ಥಿಸುವವರು ನಮ್ಮಲ್ಲಿ ಬಹಳ. ತೋಟದ ಕೆಲಸ ಬಲ್ಲವರನ್ನು ಕೇಳಿ ನೋಡಿ. ಎಳೆಯ ಗಿಡವನ್ನು ಅವರು ಕೋಲಿಗೆ ಮೆಲ್ಲನೆ ಕಟ್ಟಿ ದಿನದಿನವೂ ಸ್ವಲ್ಪ ಸ್ವಲ್ಪ ಬಗ್ಗಿಸುತ್ತಾರೆ. ಒಮ್ಮೆಲೇ ಎಳೆದರೆ ಅದು ಬಗ್ಗುವುದಿಲ್ಲ, ಮುರಿಯುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಗುರುಗಳಿಗೆ ಇಲ್ಲದ ಹಕ್ಕು ಬೇರೆಯವರಿಗೆ ಹೇಗೆ ಬಂತೆಂದು ಮನೆಯವರೂ ಒಮ್ಮೆ ಯೋಚಿಸಬೇಕು. ಗುಮ್ಮ ಬರುತ್ತಾನೆ, ಪೊಲೀಸ್ ಹಿಡಿಯುತ್ತಾನೆ, ಡಾಕ್ಟರ್ ಚುಚ್ಚುತ್ತಾರೆ ಎಂಬ ಬೆದರಿಕೆಗಳ ಕತೆಯೂ ಅಷ್ಟೇ. ನಾಳೆ ನಿಜವಾಗಿ ಡಾಕ್ಟರಲ್ಲಿಗೆ ಹೋಗಬೇಕಾದಾಗ ಕಷ್ಟಪಡುವವರು ನಾವೇ.

ಪುಟ್ಟದು ಬಂದ ಮೇಲೆ ದೊಡ್ಡದರ ಪಾಡು

ಎರಡನೆಯ ಹೆರಿಗೆಯಾಗಿ ತಾಯಿ ತವರಿನಿಂದ ಮರಳುವಾಗ ಮೊದಲನೆಯ ಮಗುವಿಗೆ ಇನ್ನೂ ಮೂರು ತುಂಬಿರುವುದಿಲ್ಲ. ಆದರೂ ಒಂದೇ ದಿನದಲ್ಲಿ ಅದು "ದೊಡ್ಡದು" ಆಗಿಬಿಡುತ್ತದೆ. ನಿನ್ನೆಯವರೆಗೆ ತಾಯಿಯ ಪಕ್ಕದಲ್ಲಿ ಮಲಗುತ್ತಿದ್ದುದು ಇಂದು ಅಜ್ಜಿಯ ಕೋಣೆಗೆ. ಬಂದವರೆಲ್ಲ ತೊಟ್ಟಿಲಿಗೆ ಬಗ್ಗುತ್ತಾರೆ. ಮಗುವಿಗೆ ಇದನ್ನು ಹೇಳಿಕೊಳ್ಳಲು ಬಾರದು. ಅದು ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸಕ್ಕೆ ಮರಳುತ್ತದೆ. ಬಾಟಲಿ ಕೇಳುತ್ತದೆ. ಯಾರೂ ನೋಡದಾಗ ಕೂಸಿನ ಕೆನ್ನೆ ಚಿವುಟುತ್ತದೆ.

ಇದಕ್ಕೆ ಬೈಗುಳ ಮದ್ದಲ್ಲ. ಮನೆಯಲ್ಲಿ ಇನ್ನೂ ತನಗೆ ಜಾಗವಿದೆ ಎಂಬ ಭರವಸೆ ಅದಕ್ಕೆ ಬೇಕು. ದಿನಕ್ಕೆ ಹದಿನೈದು ನಿಮಿಷ ಸಾಕು. ಆದರೆ ಆ ಹದಿನೈದು ನಿಮಿಷ ಪೂರ್ತಿಯಾಗಿ ಅದರದೇ ಆಗಿರಬೇಕು. ಕೂಸು ಬೇರೆಯವರ ಕೈಯಲ್ಲಿರಲಿ. ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ. ಕೂಸಿಗೆ ಹಾಲೂಡಿಸುವಾಗ ದೊಡ್ಡದನ್ನು ದೂರ ಓಡಿಸುವ ಬದಲು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕತೆ ಹೇಳಬಹುದು. ನೋಡಲು ಬರುವ ನೆಂಟರು ಮೊದಲು ದೊಡ್ಡ ಮಗುವನ್ನು ಮಾತಾಡಿಸಿ, ಆಮೇಲೆ ತೊಟ್ಟಿಲಿನ ಕಡೆಗೆ ಹೋದರೆ ಅದೇ ದೊಡ್ಡ ಉಪಕಾರ.

ಮೊಬೈಲು ಎಂಬ ದಾದಿ

ಸಾರು ಉಕ್ಕುವ ಹೊತ್ತಿನಲ್ಲಿ ಮಗುವಿನ ಕೈಗೆ ಮೊಬೈಲು ಕೊಟ್ಟರೆ ಮನೆ ಕ್ಷಣದಲ್ಲಿ ಮೌನವಾಗುತ್ತದೆ. ತಾಯಂದಿರು ಅದನ್ನು ಯಾಕೆ ಕೊಡುತ್ತಾರೆಂದು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಆದರೆ ಆ ಮೌನದ ಸಾಲವನ್ನು ರಾತ್ರಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಮೊಬೈಲು ಕಸಿದ ಕೂಡಲೇ ಅಳು, ಆಮೇಲೆ ನಿದ್ದೆ ಬಾರದ ಹೊರಳಾಟ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಒಂದು ವರ್ಷದ ಮಕ್ಕಳವರೆಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಿದ್ದಷ್ಟೂ ಒಳ್ಳೆಯದು ಎಂದು ಅದರಲ್ಲಿದೆ. ಸಂಜೆಗೆ ಅದರ ಬದಲಿಯಾಗಿ ಅಡುಗೆಮನೆಯನ್ನೇ ಆಟದ ಮನೆ ಮಾಡಬಹುದು. ಬಟಾಣಿ ಸಿಪ್ಪೆ ಬಿಡಿಸುವುದು, ಕೊತ್ತಂಬರಿ ಸೊಪ್ಪಿನ ಎಲೆ ಕೀಳುವುದು, ಚಪಾತಿ ಹಿಟ್ಟಿನ ಸಣ್ಣ ಉಂಡೆ, ಒಂದು ಬೇಸಿನ್ ನೀರು ಮತ್ತು ಎರಡು ಲೋಟ. ನೆಲ ಒದ್ದೆಯಾಗುತ್ತದೆ, ನಿಜ. ಒರಸಲು ಐದು ನಿಮಿಷ ಬೇಕು. ಅಳು ಸಮಾಧಾನಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಹೋಮ್‌ವರ್ಕು ಮತ್ತು ನಿದ್ದೆ

ಕೆಲವು ಮನೆಗಳಲ್ಲಿ ಸಂಜೆಯ ಅತಿ ದೊಡ್ಡ ಯುದ್ಧ ನಡೆಯುವುದು ಯುಕೆಜಿ ಮಗುವಿನ ಹೋಮ್‌ವರ್ಕಿನ ಮೇಲೆ. ಒಂದು ಪುಟ "ಅ ಆ ಇ ಈ", ಒಂದು ಪುಟ ಇಂಗ್ಲಿಷ್ ಅಕ್ಷರ, ಒಂದು ಪುಟ ಅಂಕಿ. ಕಣ್ಣೀರು ಬಿದ್ದು ಪುಟ ಒದ್ದೆ. ಕೇಂದ್ರ ಸರಕಾರದ 2020ರ ಶಾಲಾ ಚೀಲ ನೀತಿಯು ಎರಡನೆಯ ತರಗತಿಯವರೆಗೆ ಹೋಮ್‌ವರ್ಕು ಬೇಡ, ಶಾಲಾಪೂರ್ವ ತರಗತಿಗಳ ಮಕ್ಕಳಿಗೆ ಚೀಲವೇ ಬೇಡ ಎನ್ನುತ್ತದೆ. ಪೋಷಕರ ಸಭೆಯಲ್ಲಿ ನಾಲ್ಕು ಮಂದಿ ತಾಯಂದಿರು ಸೇರಿ ಇದನ್ನು ವಿನಯದಿಂದ ಟೀಚರಿಗೆ ಹೇಳಬಹುದು. ಒಬ್ಬಳೇ ಹೇಳುವುದಕ್ಕಿಂತ ನಾಲ್ವರು ಹೇಳಿದರೆ ಕೇಳುತ್ತಾರೆ.

ಇನ್ನು ನಿದ್ದೆಯ ಲೆಕ್ಕ. ಮೂರು ನಾಲ್ಕು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ, ಒಂದೆರಡು ವರ್ಷದ ಮಗುವಿಗೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಆರು ದಾಟಿದವರಿಗೂ ಒಂಬತ್ತು ಗಂಟೆಗೆ ಕಡಿಮೆಯಾಗಬಾರದು ಎನ್ನುತ್ತಾರೆ ನಿದ್ರಾ ತಜ್ಞರು. ಬೆಳಗ್ಗೆ ಆರಕ್ಕೆ ಮದ್ರಸಕ್ಕೆಂದು ಏಳುವ ಐದು ವರ್ಷದ ಮಗುವಿಗೆ ಹತ್ತು ಗಂಟೆ ನಿದ್ದೆಯಾಗಬೇಕಾದರೆ ಅದು ರಾತ್ರಿ ಎಂಟಕ್ಕೆ ಮಲಗಬೇಕು. ನಮ್ಮಲ್ಲಿ ಹೆಚ್ಚಿನ ಮಕ್ಕಳು ಮಲಗುವುದು ಹತ್ತೂವರೆಗೆ. ದಿನಕ್ಕೆ ಎರಡೂವರೆ ಗಂಟೆಯ ಈ ಕೊರತೆ ಮರುದಿನ ಸಂಜೆ ಹಠದ ರೂಪದಲ್ಲಿ ಹೊರಬರುತ್ತದೆ. ಎಂಟು ಸಾಧ್ಯವಾಗದಿದ್ದರೆ ಎಂಟೂವರೆ. ಅದೂ ಆಗದಿದ್ದರೆ ಶಾಲೆಯಿಂದ ಬಂದೊಡನೆ ಅರ್ಧ ಗಂಟೆಯ ನಿದ್ದೆ.

ಉಪ್ಪ ದೂರದಲ್ಲಿರುವಾಗ

ಮಕ್ಕಳು ತಡವಾಗಿ ಮಲಗಲು ನಮ್ಮ ಮನೆಗಳಿಗೇ ವಿಶೇಷವಾದ ಒಂದು ಕಾರಣವಿದೆ. ಸೌದಿ, ಕತರ್, ಕುವೈತ್‌ಗಳ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ದುಬೈ, ಮಸ್ಕತ್‌ಗಳದು ಒಂದೂವರೆ ಗಂಟೆ ಹಿಂದೆ. ರಿಯಾದಿನಲ್ಲಿ ಉಪ್ಪ ಕೆಲಸ ಮುಗಿಸಿ ಕೋಣೆಗೆ ಬಂದು ಎಂಟು ಗಂಟೆಗೆ ಕರೆ ಮಾಡಿದರೆ ಇಲ್ಲಿ ಹತ್ತೂವರೆ. ಉಪ್ಪನ ಮುಖ ಕಾಣಲಿ ಎಂದು ಮಗುವನ್ನು ಎಚ್ಚರವಾಗಿ ಇಡಲಾಗುತ್ತದೆ. ತೂಗುವ ಕಣ್ಣಿನ ಮಗು ಮಾತಾಡಲು ಒಪ್ಪುವುದಿಲ್ಲ. "ಇವನಿಗೆ ನನ್ನ ಗುರುತೇ ಇಲ್ಲ" ಎಂದು ಅತ್ತ ಕಡೆಯ ಮನಸ್ಸು ನೋಯುತ್ತದೆ. ಇತ್ತ ಕಡೆ ತಾಯಿ, "ಸಲಾಮ್ ಹೇಳು, ಹೇಳು" ಎಂದು ಮಗುವಿಗೆ ಗದರುತ್ತಾಳೆ. ಮೂವರಲ್ಲಿ ಯಾರ ತಪ್ಪೂ ಇಲ್ಲ. ತಪ್ಪಿದ್ದು ಹೊತ್ತು ಮಾತ್ರ.

ಶುಕ್ರವಾರ ಸೌದಿ, ಕತರ್, ಕುವೈತ್‌ಗಳಲ್ಲಿ ರಜೆ. ಅಲ್ಲಿ ಜುಮಾ ಮುಗಿಸಿ ಊಟ ಮಾಡಿ ಕುಳಿತಾಗ ಗಂಟೆ ಎರಡೂವರೆಯಾದರೆ ಇಲ್ಲಿ ಸರಿಯಾಗಿ ಸಂಜೆ ಐದು. ಮಗು ಶಾಲೆಯಿಂದ ಬಂದು ತಿಂಡಿ ತಿನ್ನುತ್ತಿರುವ ಹೊತ್ತು. ಆಗ ಉಪ್ಪ ವೀಡಿಯೊ ಕರೆಯಲ್ಲಿ ಅರ್ಧ ಗಂಟೆ ಮಗುವಿನೊಡನೆ ಕುಳಿತರೆ, ಕತೆ ಹೇಳಿದರೆ, ಅದು ಬಿಡಿಸಿದ ಚಿತ್ರ ನೋಡಿದರೆ, ಅದು ಬರೀ ಕುಶಲ ವಿಚಾರಣೆಯಾಗಿ ಉಳಿಯುವುದಿಲ್ಲ. ಆ ಅರ್ಧ ಗಂಟೆ ಅವರು ಮಗುವನ್ನು ನೋಡಿಕೊಂಡಂತೆಯೇ ಲೆಕ್ಕ. ತಾಯಿಗೆ ಆ ಹೊತ್ತಿನಲ್ಲಿ ಒಂದು ಸಾರು ಕುದಿಸಿ ಇಳಿಸಬಹುದು. ಮನೆಯವರೊಡನೆ ಮಾತಾಡುವ ವೀಡಿಯೊ ಕರೆಯನ್ನು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೂ ಪರದೆಯ ನಿರ್ಬಂಧದಿಂದ ಹೊರಗಿಟ್ಟಿದೆ. ಉಳಿದ ದಿನಗಳಲ್ಲಿ ಮಗು ಮಲಗಿದ ಮೇಲೆ ಕರೆ ಬರಲಿ. ಗಂಡ ಹೆಂಡತಿಗೂ ನಾಲ್ಕು ಮಾತು ನೆಮ್ಮದಿಯಾಗಿ ಆಡಿಕೊಳ್ಳಲು ಸಿಗುತ್ತದೆ.

ಮಗ್ರಿಬ್‌ನ ಹೊತ್ತು

ಕರಾವಳಿಯಲ್ಲಿ ಸೂರ್ಯ ಮುಳುಗುವುದು ವರ್ಷವಿಡೀ ಆರು ಏಳರ ಆಸುಪಾಸಿನಲ್ಲಿ. ಹಾಗಾಗಿ ಮಗ್ರಿಬ್ ನಮಾಝ್ ಈ ಮೂರು ಗಂಟೆಗಳ ನಟ್ಟನಡುವೆ ಬರುತ್ತದೆ. ತಾಯಿ ನಮಾಝಿಗೆ ನಿಂತರೆ ಒಂದು ಮಗು ಬೆನ್ನೇರುತ್ತದೆ, ಇನ್ನೊಂದು ಮುಸಲ್ಲಾದ ಮೇಲೆ ಮಲಗುತ್ತದೆ. ಮಕ್ಕಳಿಂದಾಗಿ ನಮಾಝೂ ಸರಿಯಾಗುತ್ತಿಲ್ಲವಲ್ಲ ಎಂಬ ಕೊರಗು ಅನೇಕ ತಾಯಂದಿರಲ್ಲಿದೆ. ಪ್ರವಾದಿ ಮುಹಮ್ಮದರು(ಸ) ನಮಾಝಿನ ನಡುವೆ ಮಗುವಿನ ಅಳು ಕೇಳಿಸಿದರೆ, ಅದರ ತಾಯಿಗೆ ಕಷ್ಟವಾಗದಿರಲೆಂದು ನಮಾಝನ್ನು ಚುಟುಕುಗೊಳಿಸುತ್ತಿದ್ದರು. ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದ್ದರು. ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಇವು ಹದೀಸ್ ಗ್ರಂಥಗಳಲ್ಲಿ ದಾಖಲಾಗಿರುವ ಸಂಗತಿಗಳು. ಇವುಗಳಲ್ಲಿ ತಾಯಂದಿರಿಗೆ ಸಾಂತ್ವನವಿದೆ, ಮನೆಯ ಗಂಡಸರಿಗೆ ಪಾಠವೂ ಇದೆ.

ರಮಝಾನಿನಲ್ಲಂತೂ ಈ ಹೊತ್ತು ಇನ್ನಷ್ಟು ಬಿಗಿ. ಉಪವಾಸದ ದಣಿವು, ಇಫ್ತಾರಿನ ಸಿದ್ಧತೆ, ಸಮೋಸ, ಪತ್ತಿರ್, ಶರಬತ್ತು. ಆ ತಿಂಗಳಲ್ಲಿ ಎರಡು ಬಗೆಯ ತಿಂಡಿ ಕಡಿಮೆ ಮಾಡಿದರೆ ಯಾರೂ ಸೊರಗುವುದಿಲ್ಲ. ಮಕ್ಕಳಿಗೆ ಇಫ್ತಾರಿಗೆ ಒಂದು ಗಂಟೆ ಮುಂಚೆಯೇ ಊಟವಾಗಲಿ. ಎಲ್ಲರೊಡನೆ ಕುಳಿತಾಗ ಅವಕ್ಕೆ ಒಂದು ಖರ್ಜೂರ, ಒಂದು ಲೋಟ ಶರಬತ್ತಿನ ಸಂಭ್ರಮ ಸಾಕು.

ತಾಯಿಯೂ ಮನುಷ್ಯಳೇ

ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಸಾವಿರಾರು ತಾಯಿ ಮಕ್ಕಳನ್ನು ಹತ್ತಿರದಿಂದ ಕಂಡವರು. ಮಗುವಿಗೆ ಬೇಕಾಗಿರುವುದು ಪರಿಪೂರ್ಣ ತಾಯಿಯಲ್ಲ, ಸಾಕಷ್ಟು ಒಳ್ಳೆಯ ತಾಯಿ ಎಂಬ ವಿಚಾರವನ್ನು ಅವರು 1950ರ ದಶಕದಲ್ಲಿ ಮುಂದಿಟ್ಟರು. ತಾಯಿ ಕೆಲವೊಮ್ಮೆ ತಡವಾಗಿ ಬರುತ್ತಾಳೆ, ಕೆಲವೊಮ್ಮೆ ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾಳೆ. ಮಗು ತಾಳಿಕೊಳ್ಳಬಲ್ಲ ಮಟ್ಟಿನ ಈ ಸಣ್ಣ ಕೊರತೆಗಳಿಂದಲೇ ಅದು ಲೋಕದೊಡನೆ ಹೊಂದಿಕೊಳ್ಳಲು ಕಲಿಯುತ್ತದೆ ಎಂಬುದು ಅವರ ಅಭಿಪ್ರಾಯ. ಗದರಿದ ಮೇಲೆ ಮಗುವನ್ನು ಹತ್ತಿರ ಕರೆದು, "ಉಮ್ಮನಿಗೆ ಸುಸ್ತಾಗಿತ್ತು, ಜೋರಾಗಿ ಬೈದೆ" ಎಂದು ತಲೆ ಸವರುವ ತಾಯಿ ಮಗುವಿನ ಕಣ್ಣಲ್ಲಿ ಸಣ್ಣವಳಾಗುವುದಿಲ್ಲ. ಜಗಳವಾದ ಮೇಲೆ ಒಂದಾಗುವುದು ಹೇಗೆಂದು ಮಗು ಅವಳಿಂದ ಕಲಿಯುತ್ತದೆ.

ಆದರೆ ಒಂದು ಎಚ್ಚರ ಬೇಕು. ಹೆರಿಗೆಯ ನಂತರದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ಕೂಸು ಮಲಗಿದ್ದಾಗಲೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಮಮತೆಯೇ ಹುಟ್ಟದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಸೋಮಾರಿತನವೂ ಅಲ್ಲ, ಈಮಾನಿನ ಕೊರತೆಯೂ ಅಲ್ಲ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಹೆರಿಗೆ ಮಾಡಿಸಿದ ವೈದ್ಯರಿಗೇ ಹೇಳಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಸೊಸೆಯ ಮುಖ ಬಾಡಿರುವುದು ಮೊದಲು ಕಾಣುವುದು ಅತ್ತೆಗೆ. "ಏನಾಯಿತು ಮಗಳೇ?" ಎಂಬ ಅವರ ಒಂದು ಪ್ರಶ್ನೆ ಒಂದು ಜೀವವನ್ನು ಉಳಿಸಬಹುದು.

ಎಷ್ಟು ಕೈಗಳಿವೆ?

"ನಮ್ಮ ಕಾಲದಲ್ಲಿ ಏಳೆಂಟು ಮಕ್ಕಳನ್ನು ಸಾಕಿಲ್ಲವೇ?" ಎಂಬ ಹಿರಿಯರ ಮಾತಿಗೆ ಮತ್ತೆ ಬರೋಣ. ಸಾಕಿದ್ದು ನಿಜ. ಆದರೆ ಆ ಕೂಡುಕುಟುಂಬಗಳಲ್ಲಿ ಸಂಜೆಯ ಹೊತ್ತಿಗೆ ಅಜ್ಜಿಯ ಮಡಿಲಿತ್ತು. ನಾದಿನಿಯರ ಸೊಂಟವಿತ್ತು. ಆಡಲು ಅಂಗಳವಿತ್ತು. ಪಕ್ಕದ ಮನೆಯ ಹುಡುಗಿಯರು ಕೂಸನ್ನು ಎತ್ತಿಕೊಂಡು ಹೋಗುತ್ತಿದ್ದರು. ಇಂದು ನಗರದ ಫ್ಲ್ಯಾಟಿನ ಮೂರನೆಯ ಮಹಡಿಯಲ್ಲಿ ಎರಡು ಮಕ್ಕಳು ಮತ್ತು ಒಬ್ಬಳೇ ತಾಯಿ. ಮಕ್ಕಳ ಸಂಖ್ಯೆ ಕಡಿಮೆಯಾಗಿದೆ. ಕೈಗಳ ಸಂಖ್ಯೆ ಅದಕ್ಕಿಂತ ಹೆಚ್ಚು ಕಡಿಮೆಯಾಗಿದೆ.

ಹೋದ ಕೈಗಳನ್ನು ಸ್ವಲ್ಪ ಮಟ್ಟಿಗಾದರೂ ಮರಳಿ ತರಬಹುದು. ಊರಲ್ಲೇ ಕೆಲಸ ಮಾಡುವ ಪತಿ ಬಂದ ಕೂಡಲೇ ಹತ್ತು ನಿಮಿಷ ಕುಳಿತು ಚಹಾ ಕುಡಿದು, ಆಮೇಲೆ ಮಕ್ಕಳ ಸ್ನಾನವನ್ನು ತನ್ನದಾಗಿಸಿಕೊಳ್ಳಲಿ. "ಸಹಾಯ ಬೇಕಿದ್ದರೆ ಹೇಳು" ಎನ್ನುವುದಕ್ಕಿಂತ, ದಿನವೂ ಒಂದು ಕೆಲಸ ಕಾಯಂ ಆಗಿ ಅವರ ಹೆಸರಿನಲ್ಲಿರುವುದು ಮೇಲು. ಗಂಟುನೋವಿರುವ ಅಜ್ಜಿಗೆ ಕೂಸನ್ನು ಎತ್ತಿಕೊಂಡು ತಿರುಗಲು ಆಗದು, ಆದರೆ ಕುಳಿತಲ್ಲಿಯೇ ಕತೆ ಹೇಳಲು ಆಗುತ್ತದೆ. ಒಂದೇ ಕಟ್ಟಡದ ಇಬ್ಬರು ತಾಯಂದಿರು ಸರದಿ ಹಾಕಿಕೊಳ್ಳಬಹುದು. ಇಂದು ನನ್ನ ಮನೆಯಲ್ಲಿ ನಾಲ್ಕು ಮಕ್ಕಳು, ನಾಳೆ ನಿಮ್ಮ ಮನೆಯಲ್ಲಿ. ನೆರೆಯವರು ಯಾವ ಧರ್ಮದವರಾದರೂ ಮಕ್ಕಳ ಸಂಜೆ ಎಲ್ಲ ಮನೆಗಳಲ್ಲೂ ಒಂದೇ. ನೆಂಟರ ಮನೆಗೆ ಸಂಜೆ ಆರೂವರೆಗೆ ಹೋಗಬೇಕಾಗಿ ಬಂದರೆ ತೀರ್ಪು ಕೊಡುವ ಮುನ್ನ ಅಳುವ ಒಂದು ಮಗುವನ್ನು ಎತ್ತಿಕೊಳ್ಳಿ.

ಮಕ್ಕಳು ಚಿಕ್ಕವರಾಗಿರುವ ವರ್ಷಗಳು ಹೆಚ್ಚಿಲ್ಲ. ಬಿಸ್ಕತ್ತು ತುಂಡಾಯಿತೆಂದು ಅಳುವ ಹುಡುಗ ಇನ್ನು ಕೆಲವೇ ವರ್ಷಗಳಲ್ಲಿ ತನ್ನ ಬಿಸ್ಕತ್ತನ್ನು ತಾನೇ ಮುರಿದು ತಂಗಿಗೆ ಕೊಡುವ ಹುಡುಗನಾಗುತ್ತಾನೆ. ಅಲ್ಲಿಯವರೆಗೆ, ಇಂದಿನ ಸಂಜೆ ಮನೆಯಲ್ಲಿ ಗಲಾಟೆ ಎದ್ದಾಗ, ಯಾರ ತಪ್ಪು ಎಂದು ಹುಡುಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಮಗುವಿಗೆ ಹಸಿವೆಯೇ? ನಿದ್ದೆ ಸಾಲದೇ? ತಾಯಿಯ ಜೊತೆಗೆ ಇನ್ನೊಂದು ಕೈ ಇದೆಯೇ?